ಒಂದೇ ಒಲೆಯ ಕರಾರು

ಚಾಮರಾಜಪೇಟೆಯ ಶೈಲಜಮ್ಮ ಸುಳ್ಳಾಡಿದ್ದನ್ನು ಕೇಳಿದವರಿಲ್ಲ. ಈ ಗುಣದಿಂದ ಅವರು ಬೀದಿಯವರಿಗೆ ದೊಡ್ಡವರೂ ಆಗಿದ್ದರು, ಒಮ್ಮೊಮ್ಮೆ ಬೇಡವಾದವರೂ ಆಗಿದ್ದರು. ಚಿಕ್ಕಪೇಟೆಯ ಜವಳಿ ಅಂಗಡಿಯಲ್ಲಿದ್ದ ಗಂಡ ಪಂಚಾಕ್ಷರಯ್ಯ ೧೯೫೧ರಲ್ಲಿ ತೀರಿಕೊಂಡಾಗ, ಮಕ್ಕಳಿಲ್ಲದ ಅವರಿಗೆ ಉಳಿದದ್ದು ಹದಿನೆಂಟು ವರ್ಷ ಬಾಳಿದ್ದ ಬಾಡಿಗೆ ಮನೆಯೊಂದೇ. ಹಪ್ಪಳ ಮಾರಿ ಅದನ್ನು ಉಳಿಸಿಕೊಳ್ಳುವುದು ಆಗದ ಮಾತು. ಮುಂದಿನ ಕೋಣೆಯನ್ನು ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದ ಮುನಿಯಕ್ಕನಿಗೆ ಒಳಬಾಡಿಗೆಗೆ ಕೊಡಲು ಯೋಚಿಸಿದರು.

ಬೇರೆಯವರಾಗಿದ್ದರೆ "ದೂರದ ನೆಂಟರವಳು" ಎಂದು ಸದ್ದಿಲ್ಲದೆ ಇಟ್ಟುಕೊಳ್ಳುತ್ತಿದ್ದರು. ಶೈಲಜಮ್ಮ ಬಸವನಗುಡಿಗೆ ನಡೆದುಹೋಗಿ ಮನೆಯ ಮಾಲೀಕರಾದ ದೊಡ್ಡಬೈರಪ್ಪನವರ ಮುಂದೆ ನಿಂತು, ಒಪ್ಪಿಗೆಯನ್ನು ಬರೆದುಕೊಡಿ ಎಂದರು.

"ಇಟ್ಕೊಳ್ಳಿ ತಾಯಿ. ಅದಕ್ಯಾಕೆ ಕಾಗದ? ನನ್ ಮಾತು ಸಾಲ್ದಾ?"

"ಸಾಕು ಗೌಡ್ರೇ. ಆದ್ರೆ ನಾಳೆ ನೀವಿಲ್ದೆ ಹೋದ್ರೆ ಆ ಮಾತನ್ನ ಯಾರ ಹತ್ರ ಕೇಳ್ಲಿ?"

ಮುದುಕರಿಗೆ ಮೆಣಸಿನಕಾಯಿ ಕಡಿದಂತಾಯಿತು. ಬರೆದುಕೊಟ್ಟರು, ಆದರೆ ಒಂದು ಸಾಲು ಹೆಚ್ಚಿಗೆ ಸೇರಿಸಿದರು. ಮನೆಯಲ್ಲಿ ಎರಡನೆಯ ಒಲೆ ಹಚ್ಚಕೂಡದು, ಹಚ್ಚಿದರೆ ಒಪ್ಪಿಗೆ ರದ್ದು, ಮನೆ ಖಾಲಿ ಮಾಡಬೇಕು. ಒಲೆ ಎರಡಾದರೆ ಸಂಸಾರವೂ ಎರಡು, ನಾಳೆ ಒಳಬಾಡಿಗೆಯವಳೂ ಹಕ್ಕು ಕೇಳಿಯಾಳು ಎಂಬ ಅಂಜಿಕೆ ಅವರದು.

ಕರಾರು ಕೇಳಿ ಮುನಿಯಕ್ಕ, "ನಂಗೆ ಆಸ್ಪತ್ರೇಲೇ ಊಟ ಆಯ್ತದೆ ಅಮ್ಮೋರೇ" ಎಂದಳು. ಶೈಲಜಮ್ಮನಿಗೆ ಎದೆಯ ಭಾರ ಇಳಿಯಿತು. ಲಿಂಗ ಕಟ್ಟದವರ ಕಣ್ಣಿಗೆ ಬೀಳದಂತೆ ಉಣ್ಣುವುದು ಅತ್ತೆಯಿಂದ ಬಂದ ನೇಮ. ಅಡುಗೆಮನೆಯ ಹೊಸಿಲು ದಾಟಿ ಬಾ ಎಂದು ಅವರು ಕರೆಯುವಂತಿರಲಿಲ್ಲ. ಅಷ್ಟು ಹುಷಾರಾಗಿ ಕಾಗದ ಬರೆಸಿಕೊಂಡವರು, ರಜೆಯ ದಿನ ಎಲ್ಲಿ ಉಣ್ಣುತ್ತೀ ಎಂದು ಎರಡು ವರ್ಷ ಕೇಳಲಿಲ್ಲ. ಕೇಳಬೇಕಿತ್ತು.

ದೊಡ್ಡಬೈರಪ್ಪ ತೀರಿಕೊಂಡರು. ಮಗ ನಾರಾಯಣಪ್ಪನಿಗೆ ಮನೆ ಬೇಕಾಗಿತ್ತು. ಕರಾರು ಮುರಿದಿದ್ದಾರೆ, ಎರಡು ಒಲೆ ಉರಿಯುತ್ತಿವೆ ಎಂದು ಬಾಡಿಗೆ ನಿಯಂತ್ರಣದ ಕಚೇರಿಗೆ ದೂರು ಕೊಟ್ಟ. ಮುನಿಯಕ್ಕನಿಗೆ ವಾರದ ರಜೆ ಗುರುವಾರ. ಅಂಥ ಒಂದು ಗುರುವಾರ ಮಧ್ಯಾಹ್ನ ಕಚೇರಿಯ ಗುಮಾಸ್ತರು ಬಂದರು, ಹಿಂದೆಯೇ ನಾರಾಯಣಪ್ಪ.

ಗುಮಾಸ್ತರು ಕಾಗದ ಓದಿದರು. ಹಿತ್ತಲು, ಬಚ್ಚಲು ಎಲ್ಲ ನೋಡಿದರು. ಒಲೆ ಒಂದೇ. ಆಮೇಲೆ ಮುನಿಯಕ್ಕನ ಕಡೆ ತಿರುಗಿದರು.

"ನಿಮ್ಮ ಊಟ ಎಲ್ಲಮ್ಮ?"

"ಆಸ್ಪತ್ರೇಲಿ ಸ್ವಾಮಿ."

"ಇವತ್ತು ರಜ ಅಂದ್ರಲ್ಲ. ಇವತ್ತೆಲ್ಲಿ ಉಂಡ್ರಿ?"

ಮುನಿಯಕ್ಕ ತಲೆ ತಗ್ಗಿಸಿದಳು. ತೆರೆದ ಕೋಣೆಯ ಮೂಲೆಯಲ್ಲಿ, ಹಳೆಯ ಪತ್ರಿಕೆಯ ಮೇಲೆ ಒಂದು ಹಿಡಿ ಕಡಲೆಪುರಿ, ಪಕ್ಕದಲ್ಲಿ ಒಂದು ಚೊಂಬು ನೀರು. ಶೈಲಜಮ್ಮ ಅದನ್ನು ನೋಡಿದರು. ಎರಡು ವರ್ಷದ ಗುರುವಾರಗಳೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ತಮ್ಮ ಮನೆ ಉಳಿಯಲೆಂದು ಒಬ್ಬಾಕೆ ಗೋಡೆಯಾಚೆ ಹಸಿದು ಕೂತಿದ್ದಳು. ತಾವು ಬಾಗಿಲು ಮುಂದೆ ಮಾಡಿಕೊಂಡು ಬಿಸಿ ಮುದ್ದೆ ಉಂಡಿದ್ದರು.

"ಪುರಿ ತಿಂದ್ಕೊಂಡು ಎರಡು ವರ್ಷ ಇದ್ರು ಅಂದ್ರೆ ಯಾರು ನಂಬ್ತಾರೆ ಸ್ವಾಮಿ? ಇನ್ನೊಂದು ಒಲೆ ಎಲ್ಲೋ ಬಚ್ಚಿಟ್ಟವ್ರೆ," ಎಂದ ನಾರಾಯಣಪ್ಪ.

ಗುಮಾಸ್ತರು ಶೈಲಜಮ್ಮನ ಮುಖ ನೋಡಿದರು. "ನೀವೇ ಹೇಳಿ ತಾಯಿ. ಇವ್ರು ಯಾವ ಒಲೇಲಿ ಉಣ್ತಾರೆ?"

"ನನ್ನ ಒಲೇಲೇ," ಎಂದರು ಶೈಲಜಮ್ಮ.

ಗುಮಾಸ್ತರು ಬರೆದುಕೊಂಡರು. ಆಕೆಯ ಮಾತನ್ನು ಅಲ್ಲಗಳೆಯುವ ಧೈರ್ಯ ನಾರಾಯಣಪ್ಪನಿಗೂ ಬರಲಿಲ್ಲ. ಇಬ್ಬರೂ ಹೊರಟುಹೋದರು.

ಶೈಲಜಮ್ಮ ಆರಿದ ಒಲೆಗೆ ಸೌದೆ ಇಟ್ಟು ಊದಿದರು. ಮುದ್ದೆ ಕಟ್ಟಿ, ಸೊಪ್ಪಿನ ಸಾರು ಬಿಸಿ ಮಾಡಿ, ಎರಡು ತಟ್ಟೆಗಳನ್ನು ಎದುರುಬದುರಾಗಿ ಇಟ್ಟರು.

"ಒಳಗೆ ಬಾ ಮುನಿಯಕ್ಕ."

ಮುನಿಯಕ್ಕ ಹೊಸಿಲಾಚೆಯೇ ನಿಂತಳು. "ಬ್ಯಾಡಿ ಅಮ್ಮೋರೇ. ನಿಮ್ ನೇಮ ಕೆಡ್ತದೆ."

"ಅದನ್ನ ಶಿವನ ಹತ್ರ ನಾನು ಮಾತಾಡ್ಕೋತೀನಿ. ಆಡಿದ ಮಾತು ಸುಳ್ಳಾಗಬಾರದು, ಬಾ, ಕೂತ್ಕೊ."

ಮುನಿಯಕ್ಕ ಬಂದು ಕೂತಳು. ಅವಳು ಮೊದಲ ತುತ್ತು ನುಂಗುವವರೆಗೆ ಕಾದಿದ್ದು, ಶೈಲಜಮ್ಮ ಅವಳೆದುರಿಗೇ ತಮ್ಮ ಮುದ್ದೆ ಮುರಿದರು.