ಕಾಕಾನ ಕೈಗೆ ಕೊಟ್ಟ ಫೋನು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ನನ್ನ ಫೋನಿನ ಲಾಕ್ ತೆಗೆದು ಪೊಲೀಸರ ಕೈಗೆ ಕೊಟ್ಟೆ. ಠಾಣೆಯ ಗಡಿಯಾರ ಎದುರಿಗೇ ಇತ್ತು.

ವಾಡಿ ಮತ್ತು ಸೇಡಂ ನಡುವೆ ದಿನಾ ರೈಲಿನಲ್ಲಿ ಓಡಾಡುವ ನಮ್ಮದೊಂದು ವಾಟ್ಸ್ಆ್ಯಪ್ ಗುಂಪಿದೆ. ಗಾಡಿ ಎಷ್ಟು ತಡ, ಚಿತ್ತಾಪುರ ಬಿಟ್ಟಿತೇ, ಇಷ್ಟೇ ಮಾತು. ಅದರಲ್ಲಿ ಯಾರೋ ಜಗಳ ಹಚ್ಚುವಂಥ ವಿಡಿಯೋ ಹಾಕಿದ್ದರು. ಗುಂಪಿನಲ್ಲಿದ್ದವರೆಲ್ಲ ಬಂದು ಫೋನ್ ತೋರಿಸಿ ಹೋಗಬೇಕೆಂದು ಠಾಣೆಯಿಂದ ಕರೆ ಬಂತು.

ನಾನು ಸೇಡಂನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಖಾಸಗಿತನದ ಹಕ್ಕಿನ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ. ಲಿಖಿತ ಆದೇಶವಿದೆಯೇ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಹೋದೆ. ಆದರೆ ಮೇಜಿನ ಹಿಂದೆ ಕುಳಿತಿದ್ದ ಹವಾಲ್ದಾರರು ನಮ್ಮ ಓಣಿಯವರು. ಅವರನ್ನು ಚಿಕ್ಕಂದಿನಿಂದ ಕಾಕಾ ಎಂದೇ ಕರೆದವಳು ನಾನು. ಕಾಕಾ ಎಂದ ಬಾಯಿಂದ, ಆದೇಶ ತೋರಿಸಿ ಎನ್ನುವ ಮಾತು ಹೊರಡಲಿಲ್ಲ.

“ಕುಂದ್ರವ್ವ. ಚಾ ತರಸ್ಲೇನು?” ಎಂದರು.

ಆ ವಿಡಿಯೋವನ್ನು ನಾನು ಯಾರಿಗೂ ಕಳಿಸಿರಲಿಲ್ಲ. ಅಷ್ಟನ್ನು ನೋಡಲು ಎರಡು ನಿಮಿಷ ಸಾಕಿತ್ತು. ಅವರ ಹೆಬ್ಬೆರಳು ಮಾತ್ರ ಕೆಳಗಿಳಿಯುತ್ತಲೇ ಇತ್ತು.

“ಏನವ್ವ, ಪಾಠ ಮಾಡ್ತಿಯೋ, ದಿನಾ ಇದನ್ನೇ ತಿಕ್ಕೋಂತ ಕುಂದರ್ತಿಯೋ?”

ಪಕ್ಕದ ಪೇದೆ ನಕ್ಕ. ನಾನೂ ನಕ್ಕೆ. ಹೆಬ್ಬೆರಳು ನನ್ನ ಗೆಳತಿಯ ಸಂದೇಶಗಳ ಮೇಲೆ ನಿಂತಿತು.

ಅವಳು ಸುಲೇಪೇಟದ ಸೊಸೆ. ಗಂಡ ಹೊಡೆದು ಅವಳ ಮುಂಗೈ ಮುರಿದ ಮೇಲೆ ಮನೆ ಬಿಟ್ಟು, ಶಹಾಬಾದಿನಲ್ಲಿ ಬಾಡಿಗೆ ಕೋಣೆ ಹಿಡಿದು, ನರ್ಸ್ ಕೆಲಸ ಮಾಡುತ್ತಿದ್ದಳು. ಎಲ್ಲಿದ್ದಾಳೆಂಬುದು ನನಗೊಬ್ಬಳಿಗೇ ಗೊತ್ತಿತ್ತು. ಕಾಕಾನ ಹುಟ್ಟೂರೂ ಸುಲೇಪೇಟವೇ.

“ಅರೆ, ಈಕಿ ಶಹಾಬಾದನಾಗ ಅದಾಳೇನು? ಮನಿಮಂದಿ ಎಲ್ಲಾ ಕಡಿ ಹುಡ್ಕಾಕತ್ತಾರಲ್ಲ!”

“ಯಾರಿಗೂ ಹೇಳಬ್ಯಾಡ್ರಿ ಕಾಕಾ. ಆಂವ ಹೊಡಿತಾನ್ರಿ.”

“ಗಂಡ ಹೆಂಡ್ತಿ ನಡುವ ನೀ ಯಾಕ ಹೋಗ್ತಿ? ಒಂದು ಸಂಸಾರ ಕೂಡ್ತದಂದ್ರ ಛಲೋ ಅಲ್ಲೇನು?”

ಕಳೆದ ಎಮ್ಮೆ ಸಿಕ್ಕಿತೆಂಬಂಥ ಸಮಾಧಾನ ಅವರ ಮುಖದಲ್ಲಿತ್ತು. ಫೋನನ್ನು ಅಂಗಿಯ ಚುಂಗಿಗೆ ಒರೆಸಿ ಮರಳಿ ಕೊಟ್ಟರು.

ಹೊರಗೆ ಬಂದು ಅವಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. “ಆಯ್ತು, ಇಡ್ತೀನಿ, ಸಾಮಾನು ಕಟ್ಟಬೇಕು,” ಎಂದಳು. ಆಮೇಲೆ ಆ ನಂಬರು ಬಂದ್ ಆಯಿತು. ಶುಕ್ರವಾರ ಶಹಾಬಾದಿಗೆ ಹೋದೆ. ಕೋಣೆಗೆ ಬೀಗ. ನಿನ್ನೆ ಇಬ್ಬರು ಗಂಡಸರು ಬಂದು ಬಾಗಿಲು ಒದ್ದು ಹೋದರೆಂದು ಮನೆ ಮಾಲಕಿ ಹೇಳಿದರು. ಅವಳು ಅದಕ್ಕೂ ಮೊದಲೇ ಖಾಲಿ ಮಾಡಿದ್ದಳಂತೆ.

ಅವಳು ತಪ್ಪಿಸಿಕೊಂಡಳೋ, ದಾರಿಯಲ್ಲೇ ಸಿಕ್ಕಿಬಿದ್ದಳೋ ತಿಳಿಯದೆ ಮೂರು ವಾರ ಕಳೆದವು. ಮಲಗಿದರೆ ಆ ಹೆಬ್ಬೆರಳು ಅವಳ ಸಂದೇಶಗಳ ಮೇಲೆ ಬಂದು ನಿಲ್ಲುತ್ತಿತ್ತು, ನಾನು ಎಚ್ಚೆತ್ತು ಏಳುತ್ತಿದ್ದೆ. ಈಗಲೂ ಒಮ್ಮೊಮ್ಮೆ ಮನಸ್ಸಿನಲ್ಲೇ ಠಾಣೆಯ ಆ ಕುರ್ಚಿಯಲ್ಲಿ ಕುಳಿತು, ಆದೇಶ ತೋರಿಸಿ ಎನ್ನುತ್ತೇನೆ.

ಒಂದು ಭಾನುವಾರ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅವಳೇ. ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಫೋನು ಕೇಳಿ ಮಾಡಿದ್ದಳು.

“ಆರಾಮ ಅದೀನಿ. ಕೆಲಸಾನೂ ಸಿಕ್ಕದ.”

“ಎಲ್ಲಿ ಅದಿ?”

“ಅದೊಂದು ನಿನಗೂ ಹೇಳಂಗಿಲ್ಲ. ಸಿಟ್ಟಾಗಬ್ಯಾಡ.”

ನೋವಾಯಿತು. ಆದರೆ ಇನ್ನು ನನ್ನನ್ನು ಯಾರು ಎಷ್ಟು ಪ್ರೀತಿಯಿಂದ ಕೇಳಿದರೂ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಅಂದು ರಾತ್ರಿ ಒಂಬತ್ತಕ್ಕೆ ಮಲಗಿದೆ. ಕಣ್ಣು ಬಿಟ್ಟಾಗ ಸೋಮವಾರದ ಬಿಸಿಲು ಹಾಸಿಗೆಯ ಮೇಲಿತ್ತು.