ಊಟದ ಡಬ್ಬಿಯಲ್ಲಿ ಬ್ರೇಕ್ ಇಟ್ಟುಕೊಂಡು ಚಳ್ಳಕೆರೆಗೆ

ಬೆಳಿಗ್ಗೆ ಮೊಳಕಾಲ್ಮೂರಿನಲ್ಲಿ ಚಳ್ಳಕೆರೆ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ ಇತ್ತು. ಅದರಲ್ಲಿ ಊಟವಿರಲಿಲ್ಲ. ನನ್ನ ಸ್ಕೂಟರಿನ ಮುಂದಿನ ಬ್ರೇಕಿಗೆ ಎಣ್ಣೆ ತುಂಬುವ ಪುಟ್ಟ ಡಬ್ಬವನ್ನು ಹಿಡಿಕೆಯ ಸಮೇತ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದೆ. ಅದರ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿಸಿಕೊಂಡು ಬರುವುದೇ ನನ್ನ ಪ್ರವಾಸದ ಉದ್ದೇಶ. ಜನ ತಿರುಪತಿಗೆ ಹೋಗುತ್ತಾರೆ, ಗೋವಾಕ್ಕೆ ಹೋಗುತ್ತಾರೆ. ನಾನು ಸ್ಕ್ರೂ ಬಿಚ್ಚಿಸಲು ಹೋದೆ.

ನನ್ನ ಎಡಗಾಲಿಗೆ ಚಿಕ್ಕಂದಿನಿಂದ ಬಲವಿಲ್ಲ. ಹಿಂದೆ ಎರಡು ಕಡೆ ಚಕ್ರ ಹಾಕಿಸಿದ, ಜಪಾನ್ ಕಂಪನಿಯ ಹಳೆಯ ಸ್ಕೂಟರಿನಲ್ಲಿ ದಿನಾ ಹಳ್ಳಿಯೊಂದರ ಗ್ರಂಥಾಲಯಕ್ಕೆ ಕೆಲಸಕ್ಕೆ ಹೋಗುತ್ತೇನೆ. ಕೆಲವು ದಿನಗಳಿಂದ ಮುಂದಿನ ಬ್ರೇಕು ಹಿಡಿಯುತ್ತಿರಲಿಲ್ಲ. ಎಣ್ಣೆ ಬದಲಿಸಲು ಮುಚ್ಚಳ ತೆಗೆಯಬೇಕು, ಮುಚ್ಚಳ ತೆಗೆಯಲು ಸ್ಕ್ರೂ ತಿರುಗಬೇಕು. ಅದು ಜಪ್ಪಯ್ಯ ಅಂದರೂ ತಿರುಗಲಿಲ್ಲ. ನಮ್ಮ ಬೀದಿಯ ಮೆಕ್ಯಾನಿಕ್ ತಿಪ್ಪೇಶಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ಒತ್ತಿದಷ್ಟೂ ಅದು ಜಾರಿ ಸ್ಕ್ರೂವಿನ ತಲೆ ಸವೆಯಿತು. ಕೊನೆಗೆ ಡ್ರಿಲ್ ಹಾಕುತ್ತೇನೆ ಎಂದ. ಡ್ರಿಲ್ ತಪ್ಪಿ ಡಬ್ಬ ಒಡೆದರೆ ಆ ಮಾಡೆಲ್ಲಿನದು ಈಗ ಎಲ್ಲೂ ಸಿಗುವುದಿಲ್ಲ. ಮುಟ್ಟಬೇಡ ಮಾರಾಯ ಎಂದು, ಆ ಡಬ್ಬವನ್ನೇ ಗಾಡಿಯಿಂದ ಬಿಚ್ಚಿಸಿ ಊಟದ ಡಬ್ಬಿಗೆ ಹಾಕಿಕೊಂಡೆ.

ಅಣ್ಣ ಓಬಳೇಶನ ಯೋಚನೆಯೇ ಬೇರೆ. "ಬ್ರೇಕ್ ಇಲ್ದಿರೋ ಗಾಡೀಲಿ ನಿನ್ನ ಕಳ್ಸಂಗಿಲ್ಲ ರತ್ನಾ. ರಾಂಪುರದಾಗೆ ಹಳೆ ಗಾಡಿ ತಗಳೋನಿಗೆ ಹೇಳೀನಿ, ಸಾಯಂಕಾಲ ಬರ್ತಾನೆ. ದಿನಾ ನಾನೇ ಬಿಟ್ಟು ಬರ್ತೀನಿ" ಎಂದ. ಪ್ರೀತಿಯಿಂದಲೇ ಅಂದ. ಆದರೆ ಅವನಿಗೆ ಬಿಡುವಾದಾಗ ಹೋಗಿ, ಅವನಿಗೆ ಬಿಡುವಾದಾಗ ಬರುವುದೆಂದರೆ ಏನೆಂದು ನನಗೆ ಗೊತ್ತು; ಸ್ಕೂಟರ್ ಬರುವ ಮೊದಲು ಹಾಗೇ ಬದುಕಿದವಳು. ಆ ಬದುಕು ಮತ್ತೆ ಬಂದೀತೆಂದು ನನಗೆ ನಿಜಕ್ಕೂ ಭಯವಾಯಿತು. ಸಂಜೆಯೊಳಗೆ ಆ ಎರಡು ಸ್ಕ್ರೂ ಬಿಚ್ಚಬೇಕಿತ್ತು.

ಚಳ್ಳಕೆರೆ ಐವತ್ತು ಕಿಲೋಮೀಟರ್ ಹತ್ತಿರ. ಸರ್ಕಾರಿ ಬಸ್ಸು, ಹೆಂಗಸರಿಗೆ ಟಿಕೆಟ್ ಸೊನ್ನೆ. ಮೆಟ್ಟಿಲು ಮಾತ್ರ ನನ್ನ ಸೊಂಟದೆತ್ತರ. ನಮ್ಮ ತಾಲ್ಲೂಕಿನದೇ ಹಾನಗಲ್ ದಾಟುವಾಗ ಕಂಡಕ್ಟರ್ ನನ್ನ ಮಡಿಲಿನ ಕಡೆ ನೋಡಿ, "ಏನಮ್ಮ, ಸಾರು ಸೋರ್ತೈತೆ" ಎಂದರು.

"ಸಾರಲ್ಲ, ಬ್ರೇಕು" ಎಂದೆ.

"ನಮ್ಮ ಬಸ್ಸಿಂದಲ್ವಲ್ಲ" ಎಂದು ಡ್ರೈವರ್ ಕಡೆ ನೋಡಿ ನಕ್ಕರು. ಕಿಟಕಿಯಿಂದ ಬಿಸಿ ಗಾಳಿ, ಶೇಂಗಾ ಕಿತ್ತ ಹೊಲಗಳ ಮಣ್ಣಿನ ವಾಸನೆ. ನನಗೆ ನಗು ಬರಲಿಲ್ಲ.

ಚಳ್ಳಕೆರೆಯ ಮೊದಲನೆ ಹಾರ್ಡ್‌ವೇರ್ ಅಂಗಡಿಯಲ್ಲಿ ಇದ್ದದ್ದು ಒಂದೇ ಬಗೆಯ ಬಿಟ್, ಅಂದರೆ ಸ್ಕ್ರೂಡ್ರೈವರಿಗೆ ಸಿಕ್ಕಿಸುವ ತುದಿ. ಹಾಕಿ ನೋಡಿದರೆ ಲೊಡಲೊಡ. ಎರಡನೆಯ ಅಂಗಡಿಯಲ್ಲೂ ಅದೇ. ಜಪಾನ್ ಗಾಡಿಗೆ ಬೇರೆ ಬಿಟ್ ಬರುತ್ತದೆಂದು ಫೋನಿನ ವಿಡಿಯೋದಲ್ಲಿ ನೋಡಿದ್ದೆ, ಹಾಗೇ ಕೇಳಿದೆ. ಅಂಗಡಿಯವರು, "ಸ್ಟಾರ್ ಅಂದ್ರೆ ಸ್ಟಾರ್ ಕಣಮ್ಮ, ಅದ್ರಾಗೂ ಜಾತಿ ಐತಾ?" ಎಂದರು. ಮೈಯೆಲ್ಲ ಉರಿಯಿತು, ಡಬ್ಬಿ ಮುಚ್ಚಿಕೊಂಡು ಹೊರಬಿದ್ದೆ.

ಅದೇ ಬೀದಿಯ ತುದಿಯಲ್ಲಿ ಖಾಸಿಂ ಸಾಬರ ಗ್ಯಾರೇಜು. ನರೆತ ಗಡ್ಡದ ಅವರು ಡಬ್ಬಿ ತೆರೆದು, ಸ್ಕ್ರೂವಿನೊಳಗೆ ದಬ್ಬಳ ಇಟ್ಟು ಕೆರೆದರು. ಕೆಂಪು ಪುಡಿ ಉದುರಿತು. ಇನ್ನಷ್ಟು ಕೆರೆದರು, ಹಳದಿ. ಮತ್ತೆ ಕೆಂಪು.

"ಏನಕ್ಕಾ, ಸ್ಕ್ರೂಗೆ ಕುಂಕುಮ ಇಟ್ಟೀರಿ?"

ಆಗ ಹೊಳೆಯಿತು. ಪ್ರತಿ ಆಯುಧಪೂಜೆಗೂ ನಮ್ಮವ್ವ ಗಾಡಿ ತೊಳೆಸಿ, ಹಿಡಿಕೆಯ ಹತ್ತಿರದ ಆ ಎರಡು ಸ್ಕ್ರೂಗಳಿಗೆ ಗಂಧ, ಅರಿಶಿನ, ಕುಂಕುಮ ಒತ್ತಿ ಬೊಟ್ಟಿಡುತ್ತಾಳೆ. ಅವಳ ಪ್ರಕಾರ ಅವು ಗಾಡಿಯ ಕಣ್ಣು. ವರ್ಷ ವರ್ಷದ ಬೊಟ್ಟು ಒಳಗೆ ಸಿಮೆಂಟಿನಂತೆ ಕೂತಿದೆ. ಮೇಲಿನದನ್ನು ಒರೆಸಿ ತಿಪ್ಪೇಶಿ ಅಷ್ಟಕ್ಕೇ ಬಿಟ್ ಇಟ್ಟಿದ್ದ. ಸಾಬರಿಗೆ ಹೇಳಿದೆ, ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಪೆಟ್ರೋಲ್ ಹಾಕಿ ತೊಳೆದ ಮೇಲೆ ಸ್ಕ್ರೂವಿನ ತಲೆಯ ಮೇಲೆ ಸಣ್ಣ ಚುಕ್ಕಿ ಕಂಡಿತು. ಜಪಾನ್ ಸ್ಕ್ರೂವಿನ ಗುರುತೆಂದು ವಿಡಿಯೋದಲ್ಲಿ ತೋರಿಸಿದ್ದು ಅದನ್ನೇ. ನೋಡಲು ಅದೇ ಕೂಡಿಸುವ ಗುರುತಿನ ಆಕಾರ, ಆದರೆ ಜಪಾನಿನವರ ಕೊರೆತ ಬೇರೆ. ನಮ್ಮ ಮಾಮೂಲಿ ಬಿಟ್ಟಿನ ಮೂತಿ ತಳಕ್ಕೆ ತಾಗಿ, ಬದಿಗಳು ಕೂರದೆ ಮೇಲಕ್ಕೆ ಎದ್ದುಬಿಡುತ್ತದೆ.

"ನಾವು ಮೂತಿ ಉಜ್ಜಿ ಹಾಕ್ತೀವಿ, ನಡೀತೈತೆ" ಎಂದರು ಸಾಬರು. "ಆದ್ರೆ ಇದು ಆಗ್ಲೇ ಸವ್ದೈತಕ್ಕಾ. ಈ ಸಲ ಜಾರಿದ್ರೆ ಮುಗೀತು. ಸರಿಯಾದ್ದು ಸಿಕ್ರೆ ತಗಂಬನ್ನಿ, ಹೊಡ್ಕೊಡ್ತೀನಿ."

ಮತ್ತೆ ಎರಡನೆಯ ಅಂಗಡಿಗೆ ಕಾಲೆಳೆದುಕೊಂಡು ಹೋದೆ. ಬಿಡಿ ಬಿಟ್ಟುಗಳು ಏನಾದರೂ ಇವೆಯಾ ಎಂದು ಕೇಳಿದಾಗ, ತುಕ್ಕು ಹಿಡಿದ ಬಿಸ್ಕತ್ ಡಬ್ಬವೊಂದನ್ನು ಮುಂದಿಟ್ಟು ಸ್ಟೂಲು ಕೊಟ್ಟರು. ಒಂದೊಂದನ್ನೂ ತೆಗೆದು ಸ್ಕ್ರೂವಿಗೆ ಇಟ್ಟು ನೋಡಿದೆ. ಅಲುಗಿದ್ದು ಪಕ್ಕಕ್ಕೆ. ಬಂದ ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು, ನೋಡಲಿ ಬಿಡು ಎಂದುಕೊಂಡೆ. ಡಬ್ಬ ಮುಕ್ಕಾಲು ಖಾಲಿಯಾದಾಗ ಒಂದು ಮೊಂಡು ಮೂತಿಯ ಬಿಟ್ ಒಳಗಿಳಿದು, ನಾನು ಕೈಬಿಟ್ಟರೂ ನೆಟ್ಟಗೆ ನಿಂತಿತು. ಅಂಗಡಿಯವರೂ ಬೆರಳಿಂದ ತಳ್ಳಿ ನೋಡಿ, "ಯಾವುದೋ ಲಾಟಿನಾಗೆ ಬಂದಿರ್ಬೇಕು. ಜಾತಿ ಐತೆ ಹಂಗಾದ್ರೆ" ಎಂದರು.

ಸುತ್ತಿಗೆಯಲ್ಲಿ ಹೊಡೆದರೆ ಬಿಟ್ಟನ್ನು ತಿರುಗಿಸುವ ದಪ್ಪ ಹಿಡಿಯೊಂದು ಸಾಬರ ಹತ್ತಿರ ಇತ್ತು. ಬಿಟ್ ಸಿಕ್ಕಿಸಿದರು. ಹಿಡಿಯನ್ನು ನಾನೇ ಹಿಡಿದುಕೊಂಡೆ, ಅವರು ಹೊಡೆದರು. ಮೊದಲನೆ ಸ್ಕ್ರೂ ಒಂದೇ ಏಟಿಗೆ ಬಿಟ್ಟುಕೊಟ್ಟಿತು. ಎರಡನೆಯದು ಮಾತ್ರ ಪ್ರಾಣ ತಿಂದಿತು. ಸಾಬರು ನಿಲ್ಲಿಸಿ ನನ್ನ ಮುಖ ನೋಡಿದರು. "ಹೊಡೀರಿ, ಜಾರಿದ್ರೆ ನನ್ನ ಹಣೆಬರಹ" ಎಂದೆ. ಹೊಡೆದರು. ಕಟ್ ಎಂದಿತು. ಸ್ಕ್ರೂ ಮುರಿಯಿತೇನೋ ಎಂದು ಬಗ್ಗಿ ನೋಡಿದೆ; ಮುರಿದಿರಲಿಲ್ಲ, ತಿರುಗಿತ್ತು. ಕಣ್ಣಲ್ಲಿ ನೀರು ಬಂತು, ಅಷ್ಟಕ್ಕೆಲ್ಲ ಅಳುತ್ತಾರಾ ಎಂದು ನನಗೇ ಬೈದುಕೊಂಡೆ. ಒಳಗಿನ ಎಣ್ಣೆ ಕಾಫಿ ಡಿಕಾಕ್ಷನ್ನಿನಂತೆ ಆಗಿತ್ತು. ಸಾಬರು ತೊಳೆದು, ಹೊಸ ಸ್ಕ್ರೂ ಕೊಟ್ಟರು. ನಿಲ್ದಾಣದ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿಂದು ಮಧ್ಯಾಹ್ನದ ಬಸ್ಸು ಹಿಡಿದೆ.

ಮನೆಗೆ ಬಂದಾಗ ರಾಂಪುರದವನು ಆಗಲೇ ಜಗುಲಿಯಲ್ಲಿ ಟೀ ಕುಡಿಯುತ್ತಿದ್ದ. ತಿಪ್ಪೇಶಿಯನ್ನು ಕರೆಸಿ ಡಬ್ಬ ಕೂರಿಸಿ, ಹೊಸ ಎಣ್ಣೆ ಹಾಕಿಸಿ, ಬ್ರೇಕಿನ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆಸಿದೆ. ಅವ್ವನಿಗೆ ಕುಂಕುಮದ ಕಥೆ ಹೇಳಿದರೆ, "ಆ ಕುಂಕುಮ ಇದ್ದಿದ್ದಕ್ಕೇ ಇಷ್ಟು ವರ್ಷ ನೀನು ಬಿದ್ದಿಲ್ಲ" ಎಂದು ನನಗೇ ತಿರುಗಿಸಿದಳು. ಅಣ್ಣ ಬ್ರೇಕಿನ ಹಿಡಿಕೆ ಒತ್ತಿ ನೋಡಿದ, ಇನ್ನೊಂದು ಸಲ ಒತ್ತಿದ.

"ಗಟ್ಟಿ ಐತೆ" ಎಂದು ಗಾಡಿಯ ಕೀಲಿ ನನ್ನ ಕೈಗಿಟ್ಟ.

ರಾಂಪುರದವನ ಮುಖ ಚಿಕ್ಕದಾಯಿತು. ವಾಪಸ್ಸು ನನ್ನ ಗಾಡಿಯಲ್ಲೇ ಹೋಗುವ ಲೆಕ್ಕದಲ್ಲಿ ಬಸ್ಸಿನಲ್ಲಿ ಬಂದಿದ್ದನಂತೆ.

"ಗಾಡಿ ಹತ್ರಿ, ಬಸ್ ಸ್ಟ್ಯಾಂಡಿಗೆ ಬಿಡ್ತೀನಿ" ಎಂದೆ.

ಹಿಂಜರಿಯುತ್ತಲೇ ಹಿಂದೆ ಕೂತ. ಇಳಿಜಾರಿಗೆ ಬಂದಾಗ ಸೀಟು ಗಟ್ಟಿಯಾಗಿ ಹಿಡಿದು, "ಬ್ರೇಕ್ ಹಿಡೀತೈತೇನಮ್ಮ?" ಎಂದು ಕೇಳಿದ.

"ಅದನ್ನ ನೋಡಾಕೇ ನಿಮ್ಮನ್ನ ಕೂರಿಸ್ಕಂಡಿದ್ದು" ಎಂದು ಹಿಡಿಕೆ ಒತ್ತಿದೆ.