ಅಕ್ಕನ ಕುರಿಗಳೂ ನಮ್ಮ ಯಜಮಾನರ ಡೋಜರೂ

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಅನ್ನುತ್ತಾರೆ ನಮ್ಮ ಕಡೆ. ಹೇಳದಿದ್ದರೆ ಈ ಕತೆ ಮುಂದಕ್ಕೆ ಹೋಗುವುದಿಲ್ಲ, ಒಂದು ಸಲ ಹೇಳಿಬಿಡುತ್ತೇನೆ: ನರಸಯ್ಯ. ಆಯಸ್ಸಿನ ಚಿಂತೆ ಬೇಡ, ಆ ಮನುಷ್ಯ ಗುಂಡುಕಲ್ಲಿನ ಹಾಗಿದ್ದಾರೆ.

ಪಾಂಡವಪುರದ ಪಕ್ಕದ ಹಳ್ಳಿಯವರು. ಮೀಸೆ ಬರುವ ಮೊದಲೇ ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೆದವರು. ಕಬ್ಬಿನ ಗಾಡಿಯವರಿಗೆ ಇರುವುದು ಒಂದೇ ಶಾಸ್ತ್ರ, ಹಗ್ಗ ಬಿಗಿಯಾಗಿರಬೇಕು. ಒಂಚೂರು ಸಡಿಲವಾದರೂ ಕಬ್ಬೆಲ್ಲ ದಾರಿಯಲ್ಲಿ ಮಲಗುತ್ತದೆ. ಆ ಶಾಸ್ತ್ರವನ್ನು ಇವರು ಗಾಡಿಯಿಂದ ಇಳಿದ ಮೇಲೂ ಬಿಡಲಿಲ್ಲ. ಮಂಚದ ಹುರಿ, ಮೂಟೆಯ ಬಾಯಿ, ಎಮ್ಮೆಯ ಹಗ್ಗ, ಎಲ್ಲವೂ ಬಿಗಿ. ಇವರು ಹಾಕಿದ ಗಂಟು ಬಿಚ್ಚಲು ಕುಡುಗೋಲೇ ಬೇಕು. ಮದುವೆಯ ದಿನ ತಾಳಿ ಕಟ್ಟುವಾಗಲೂ ಹಾಗೇ ಎಳೆದರು. "ಒಸಿ ಸಡ್ಲ ಬುಡಪ್ಪಾ, ಎಣ್ಣಿಗೆ ಉಸ್ರು ಕಟ್ತದೆ" ಎಂದು ನನ್ನ ಅಕ್ಕ ಬೈರಮ್ಮ ಎಲ್ಲರ ಮುಂದೆ ಅಂದುಬಿಟ್ಟಳು. ಚಪ್ಪರವೆಲ್ಲ ನಕ್ಕಿತು. ಇವರು ಆವತ್ತಿನಿಂದ ಅಕ್ಕನನ್ನು ಕಂಡರೆ ಒಂದು ಮಾರು ದೂರ.

ಆಮೇಲೆ ಗಾಡಿ ಬಿಟ್ಟು, ನಾಗಮಂಗಲದ ಕಂಟ್ರಾಕ್ಟರೊಬ್ಬರ ಹತ್ತಿರ ಡೋಜರ್ ಓಡಿಸಲು ಸೇರಿದರು. ಟೈರಿನ ಡೋಜರ್ ಅಲ್ಲ, ಕಬ್ಬಿಣದ ಪಟ್ಟಿಗಳ ಚೈನಿನ ಮೇಲೆ ಉರುಳುವಂಥದ್ದು. ಗುಡ್ಡವನ್ನೇ ತಳ್ಳಿಬಿಡುವ ಯಂತ್ರ. ಅದರ ಮೇಲೆ ಕೂತರೆ ಇವರ ಗತ್ತೇನು, ಗಾಂಭೀರ್ಯವೇನು! ಇಳಿದ ಮೇಲೆ ಮಾತ್ರ, ಇಡೀ ದಿನ ಅದರ ಅದುರಾಟ ತಿಂದು, ಊಟದ ತಟ್ಟೆ ಹಿಡಿದರೆ ಕೈ ಗಡಗಡ. ನಾನು ಪಕ್ಕದಲ್ಲೇ ಕೂತಿದ್ದರೂ ಆಚೆ ದಡದವರನ್ನು ಕರೆಯುವ ಹಾಗೆ ಕಿರುಚುತ್ತಿದ್ದರು.

ತೊಂಬತ್ತಾರರ ಬೇಸಿಗೆಯಲ್ಲಿ ನನ್ನ ತವರು ಬಿಂಡಿಗನವಿಲೆಯಲ್ಲೇ ಕೆಲಸ ಬಿತ್ತು. ಸೋಮಯ್ಯ ಎನ್ನುವವರ ಏರುತಗ್ಗಿನ ಹೊಲವನ್ನು ಮುಂಗಾರಿಗೆ ಮೊದಲು ಸಮ ಮಾಡಿ ಕೊಡಬೇಕಿತ್ತು. ನಾನೂ ಹೊರಟೆ, ಅಕ್ಕನ ಮನೆಯಲ್ಲಿ ಇರಬಹುದಲ್ಲ ಎಂದು. ಆದರೆ ಅಕ್ಕನ ಮನೆ, ಕುರಿಯ ಕೊಟ್ಟಿಗೆ ಎರಡೂ ಆ ಹೊಲದ ಬದುವಿಗೇ ಅಂಟಿಕೊಂಡಿದ್ದವು. ಭಾವ ತೀರಿಕೊಂಡ ಮೇಲೆ ಆ ಕುರಿಗಳೇ ಅವಳ ಜೀವನ. ಆಗ ಅರ್ಧ ಮಂದೆ ಗಬ್ಬವಾಗಿತ್ತು.

ಮೊದಲ ದಿನ ಡೋಜರ್ ಹೊಲಕ್ಕಿಳಿಯಿತು. ಅಯ್ಯಯ್ಯಪ್ಪಾ, ಆ ಸದ್ದು! ಚೈನು ಕಿರ್ರೋ ಎಂದು ಅರಚುವುದೇನು, ಹಿಂದಕ್ಕೆ ಬರುವಾಗ ದಡದಡ ಅನ್ನುವುದೇನು, ಕೊಟ್ಟಿಗೆಯ ಹೆಂಚು ಅದುರುವುದೇನು! ಕುರಿಗಳು ಗೋಡೆಗೆ ಗುದ್ದಿಕೊಂಡು ಒಂದರ ಮೇಲೊಂದು ಬಿದ್ದವು. ಸಂಜೆಗೆ ಒಂದು ಕುರಿ ಕಂದು ಹಾಕಿತು. ರೋಮ ಕೂಡ ಸರಿಯಾಗಿ ಬಂದಿರದ ಮರಿ. ಅದನ್ನು ಸೆರಗಿನಲ್ಲಿ ಹಾಕಿಕೊಂಡು ಅಕ್ಕ ಕತ್ತಲಾಗುವವರೆಗೂ ಕೂತಿದ್ದಳು.

ಬೆಳಿಗ್ಗೆ ಅವಳು ನೇರವಾಗಿ ಹೋಗಿ ಡೋಜರಿನ ಮುಂದೆ ನಿಂತಳು.

"ಇನ್ನೊಂದು ಕುರಿ ಕಂದಾಕುದ್ರೆ ನೀನು ನನ್ನ ಒಸ್ಲು ತುಳೀಬ್ಯಾಡ ಕಣಯ್ಯ. ನನ್ ತಂಗೀನೂ ಕರ್ಕೊಂಡೋಗ್ಬುಡು."

"ಸದ್ದು ಕಮ್ಮಿ ಮಾಡ್ತೀನಿ ಬುಡಕ್ಕ. ಈ ನನ್ ಕೈಲಿ ಆಗ್ದೇ ಇರೋ ಕೆಲ್ಸ ಐತಾ?" ಅಂದರು ಇವರು. ಧೈರ್ಯಕ್ಕೇನೂ ಕಮ್ಮಿ ಇರಲಿಲ್ಲ.

ಅದೇ ಕಬ್ಬಿನ ಗಾಡಿಯ ಬುದ್ಧಿ ಓಡಿಸಿದರು. ಗಾಡಿಯ ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಹಾಕುತ್ತಾರಲ್ಲ, ಹಾಗೆ ಡಬ್ಬಗಟ್ಟಲೆ ಎಣ್ಣೆಯನ್ನು ಚೈನಿಗೆಲ್ಲ ಬಳಿದರು. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಹೊಲದ ಮರಳು, ನೊರಜುಗಲ್ಲು ಎಲ್ಲ ಆ ಎಣ್ಣೆಗೆ ಮೆತ್ತಿಕೊಂಡು, ಬೀಸುವ ಕಲ್ಲಿಗೆ ಜಲ್ಲಿ ಸುರಿದ ಹಾಗೆ ಕರಕರ ಶುರುವಾಯಿತು. ಆಗ ತಮ್ಮ ದೊಡ್ಡ ಶಾಸ್ತ್ರ ನೆನಪಾಯಿತು. "ಚೈನು ಸಡ್ಲ ಆಗೈತೆ, ಅದ್ಕೇ ಒದರ್ತದೆ" ಎಂದು ಗ್ರೀಸ್ ಗನ್ ಹಿಡಿದು ಒತ್ತಿದರು, ಒತ್ತಿದರು. ಚೈನಿನ ಪಕ್ಕದಲ್ಲಿರುವ ಸಿಲಿಂಡರಿಗೆ ಗ್ರೀಸ್ ತುಂಬಿದಷ್ಟೂ ಚೈನು ಬಿಗಿಯಾಗುತ್ತದೆ. ಬಡಿದರೆ ತಮಟೆಯ ಹಾಗೆ ಠಣ್ ಅನ್ನಬೇಕು, ಅಷ್ಟು ಬಿಗಿದರು. ಸ್ಟಾರ್ಟ್ ಮಾಡಿ ಎರಡು ಮಾರು ಹೋದರೋ ಇಲ್ಲವೋ, ಡೋಜರಿಗೆ ಡೋಜರೇ ಚಳಿಜ್ವರ ಬಂದ ಹಾಗೆ ನಡುಗಿತು. ಕುರಿಗಳು ಬೇಲಿ ಮುರಿದುಕೊಂಡು ಓಡಿದವು.

"ಅಲ್ಲ ಕಣಯ್ಯೋ, ಬಿಗಿದಷ್ಟೂ ಜಾಸ್ತಿ ಆಯ್ತಾ ಐತಲ್ಲ!" ಅಂದೆ.

"ನಿಂಗೇನು ಗೊತ್ತು, ಇನ್ನೂ ಬಿಗೀಬೇಕು" ಅಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಓಡಿಹೋದ ಕುರಿಗಳನ್ನು ಹಿಡಿದು ತಂದೆವು. ಎಲ್ಲಕ್ಕಿಂತ ತುಂಬು ಗಬ್ಬವಾಗಿದ್ದ ಕರಿ ಕುರಿಯನ್ನು ಇವರೇ ಗೂಟಕ್ಕೆ ಕಟ್ಟಿದರು, ತಮ್ಮ ಕಬ್ಬಿನ ಗಂಟು ಹಾಕಿ. ಅದು ಕತ್ತು ಎಳೆದುಕೊಂಡು, ಗೂಟವನ್ನು ಅಲ್ಲಾಡಿಸುತ್ತಾ, ಒಂದೇ ಸಮನೆ ಅರಚತೊಡಗಿತು. ಅಕ್ಕ ಬಂದು ನೋಡಿದಳು. ಬಾಯಿಗೆ ಬಂದಂತೆ ಬೈಯುತ್ತಲೇ ಕುಡುಗೋಲಿನಿಂದ ಗಂಟು ಕೊಯ್ದು, ಒಂದು ಮೊಳ ಹಗ್ಗ ಸಡಿಲ ಬಿಟ್ಟು ಕಟ್ಟಿದಳು. ಕುರಿ ಒಂದು ಸುತ್ತು ತಿರುಗಿ, ಮೊಣಕಾಲು ಮಡಚಿ ಮಲಗಿತು.

"ಅವತ್ತು ತಾಳಿ ಕಟ್ಟುವಾಗ್ಲೇ ಏಳಿದ್ದೆ. ಎಲ್ಲಾನೂ ಕಬ್ಬು ಅನ್ಕೊಂಡಿದ್ದೀಯಾ?" ಅಂದಳು.

ಇವರು ಕುರಿಯನ್ನು ನೋಡಿದರು, ಗೂಟವನ್ನು ನೋಡಿದರು, ಎದ್ದು ಡೋಜರಿನ ಹತ್ತಿರ ಹೋದರು. ಚೈನಿನ ಮೇಲೆ ನೆಟ್ಟಗಿನ ಒಂದು ಕೋಲು ಇಟ್ಟರು. ಕೋಲಿಗೂ ಚೈನಿಗೂ ನಡುವೆ ಕೂದಲು ತೂರುವಷ್ಟೂ ಸಂದಿರಲಿಲ್ಲ. ಸಿಲಿಂಡರಿನ ಬಿರಡೆ ತಿರುಗಿಸಿದರು. ಬಿಗಿದು ತುಂಬಿದ್ದ ಗ್ರೀಸು ಹಾವಿನ ಹಾಗೆ ಹೊರಗೆ ಬಂತು. ಕೋಲಿನ ಕೆಳಗೆ ಎರಡು ಬೆರಳು ತೂರುವಷ್ಟು ಚೈನು ಜೋಲುವವರೆಗೆ ಬಿಟ್ಟು, ಮತ್ತೆ ಬಿರಡೆ ಬಿಗಿದರು.

ಒಂದು ಸಲ ದಾರಿ ಸಿಕ್ಕಿದರೆ ನಮ್ಮ ಯಜಮಾನರನ್ನು ಹಿಡಿಯುವವರಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿ ಉಜ್ಜಿ ಚೈನಿನ ಎಣ್ಣೆ ತೆಗೆದರು. ಉರುಳೆಗಳ ಸಂದಿಯಲ್ಲಿ ಗಟ್ಟಿಯಾಗಿದ್ದ ಮಣ್ಣನ್ನು ಹಾರೆಯಿಂದ ಕೆರೆದರು. ಅಲ್ಲಾಡುತ್ತಿದ್ದ ಪಟ್ಟಿಗಳ ಬೋಲ್ಟು ಬಿಗಿದರು, ಅದು ಮಾತ್ರ ಬಿಗಿಯಾಗೇ ಇರಬೇಕಂತೆ. ಬಡಿದುಕೊಳ್ಳುತ್ತಿದ್ದ ತಗಡಿನ ಕೆಳಗೂ ಸೀಟಿನ ಕೆಳಗೂ ಹಳೇ ಟೈರಿನ ತುಂಡು ಕೊಟ್ಟರು. ಹಿಂದಕ್ಕೆ ಬರುವಾಗ ಜೋರಾಗಿ ಬರುವ ಚಾಳಿಯನ್ನೂ ಬಿಟ್ಟು ನಿಧಾನದ ಗೇರಿನಲ್ಲಿ ಬಂದರು.

ಸದ್ದು ಪೂರ್ತಿ ಹೋಯಿತೇ? ಡೋಜರ್ ಏನು ಬೆಕ್ಕೇ? ಆದರೆ ಆ ಕಿರುಚಾಟ, ಆ ದಡದಡ ಹೋಯಿತು. ದೂರದ ಗಿರಣಿಯ ಹಾಗೆ ಒಂದೇ ಸಮನಾದ ಗುಡುಗುಡು ಉಳಿಯಿತು. ಕುರಿಗಳು ಮೊದಲು ಕಿವಿ ನಿಮಿರಿಸಿದವು, ಆಮೇಲೆ ಮೆಲುಕು ಹಾಕತೊಡಗಿದವು. ಅಕ್ಕ ಬಾಗಿಲಲ್ಲೇ ಕಾವಲು ಕೂತಳು. ಅವಳ ಮುಖ ಗಂಟಾಗಿಯೇ ಇತ್ತು. ಇವರು ಬುತ್ತಿಯನ್ನು ಹೊಲದಲ್ಲೇ ಉಂಡರು, ಹೊಸಿಲ ಕಡೆಗೆ ಸುಳಿಯಲಿಲ್ಲ.

ಕರಿ ಕುರಿ ಮರಿ ಹಾಕಿದ್ದು ಮಾರನೆಯ ದಿನ, ಡೋಜರ್ ಓಡುತ್ತಿರುವಾಗಲೇ. ಇವರಿಗೆ ಗೊತ್ತೇ ಇರಲಿಲ್ಲ. ದಿನ ತುಂಬಿದ ಮರಿ, ಹಣೆಯ ಮೇಲೆ ಬಿಳಿ ಚುಕ್ಕೆ. ಹಾಲು ಕುಡಿದು ಅಕ್ಕನ ಮಡಿಲಲ್ಲೇ ನಿದ್ದೆ ಹೋಯಿತು. ಅಕ್ಕ ಮಿಸುಕದೆ ಕೂತಿದ್ದಳು.

ಊಟದ ಹೊತ್ತಿಗೆ ಇವರು ಡೋಜರ್ ಆಫ್ ಮಾಡಿದರು. ಗುಡುಗುಡು ನಿಂತದ್ದೇ ತಡ, ಮರಿ ಬೆಚ್ಚಿ ಎದ್ದು ಬ್ಯಾ ಎಂದು ಅಳತೊಡಗಿತು.

"ಯಾಕಯ್ಯಾ ನಿಲ್ಸ್ದೆ?" ಎಂದು ಅಕ್ಕ ಕೂಗಿದಳು, ಕೇರಿಗೆಲ್ಲ ಕೇಳುವ ಹಾಗೆ. "ಮಲ್ಗಿದ್ ಮರಿ ಎಬ್ಬುರ್ಸ್ಬುಟ್ಯಲ್ಲೋ!"

ಇವರು ಗಾಬರಿಯಿಂದ ಮತ್ತೆ ಸ್ಟಾರ್ಟ್ ಮಾಡಲು ಹೋದರು.

"ಬುಡು ಬುಡು, ಆಮ್ಯಾಕ್ ಮಾಡೀವಂತೆ. ಒಳಿಕ್ಕೆ ಬಾ, ಮುದ್ದೆ ಆರೋಯ್ತದೆ."

ಇವರು ಹೊಸಿಲ ಆಚೆಯೇ ನಿಂತು ನನ್ನ ಮುಖ ನೋಡಿದರು. ನಾನು ಹೂಂ ಅಂದೆ. ಕಾಲು ತೊಳೆದುಕೊಂಡು, ಬಗ್ಗಿ ಒಳಗೆ ಬಂದರು. ಅಕ್ಕ ಮರಿಯನ್ನು ಎತ್ತಿ ಇವರ ಎರಡೂ ಅಂಗೈ ಮೇಲೆ ಇಟ್ಟಳು. ಕೈ ಒಂಚೂರೂ ನಡುಗಲಿಲ್ಲ, ಮರಿ ಮತ್ತೆ ಕಣ್ಣು ಮುಚ್ಚಿತು.